ಒಲೆ ಹೊತ್ತಿಸುವ ಮುನ್ನ ಲೆಕ್ಕ: ಸಹಾಯಾರ್ಥ ತಿಂಡಿ ಮಾರಾಟದ ಬಗ್ಗೆ ನಾಲ್ಕು ಮಾತು

ಪರಸ್ಥಳಕ್ಕೆ ದುಡಿಯಲು ಬಂದವನಿಗೆ ಹೋಟೆಲು ಹೊತ್ತುಹೊತ್ತಿನ ಊಟವನ್ನು ಕೊಡುತ್ತದೆ, ಮಲಗುವುದಕ್ಕೆ ಅಟ್ಟವನ್ನು ಕೊಡುತ್ತದೆ, ತಿಂಗಳ ಕೊನೆಗೆ ಸಂಬಳವನ್ನೂ ಕೊಡುತ್ತದೆ. ಆದರೆ ಅವನು ಒಂದು ಅಪರಾತ್ರಿಯಲ್ಲಿ ಎದೆ ಹಿಡಿದುಕೊಂಡು ಕುಸಿದುಬಿದ್ದರೆ, ಆ ಗಳಿಗೆಯಲ್ಲಿ ಬೇಕಾಗುವ ಹಣವನ್ನು ಕೊಡತಕ್ಕವರು ಯಾರು? ಈ ಪ್ರಶ್ನೆಗೆ ನಮ್ಮವರಲ್ಲಿ ಹೆಚ್ಚಿನವರ ಬಳಿ ಉತ್ತರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಪಾಲಾರಿವಟ್ಟದ ಒಂದು ಹೋಟೆಲಿನಲ್ಲಿ ದೋಸೆಯ ಕಾವಲಿಯ ಮುಂದೆ ನಿಂತು ದುಡಿಯುತ್ತಿದ್ದ ನಮ್ಮೂರ ಕಡೆಯವನೊಬ್ಬನು ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಅವನ ತಾಯಿ ಕುಂದಾಪುರದ ಆಚೆ ಒಂದು ಹಳ್ಳಿಯಲ್ಲಿದ್ದಳು. ನಾನೂರು ಕಿಲೋಮೀಟರಿಗೂ ಮಿಕ್ಕಿದ ಆ ದಾರಿಗೆ ಹೊರಡುವ ಮೊದಲೇ ಆಂಬುಲೆನ್ಸಿನವನು ಮುಂಗಡ ಕೇಳಿದುದು ಅನ್ಯಾಯವೇನೂ ಅಲ್ಲ. ಅವನಿಗೂ ಡೀಸೆಲಿನ ಖರ್ಚುಂಟು. ಈ ಲೇಖಕನೂ ಇನ್ನಿಬ್ಬರೂ ಒಂದು ಟವೆಲನ್ನು ಹಿಡಿದುಕೊಂಡು ಎಂಟು ಹೋಟೆಲುಗಳ ಮೆಟ್ಟಲನ್ನು ಹತ್ತಿಳಿದೆವು. ಹಣವೇನೋ ಕೂಡಿತು. ಲೋಟ ತೊಳೆಯುವ ಹುಡುಗರು ಸಹ ನೂರರ ನೋಟುಗಳನ್ನು ಹಾಕಿದರು. ಆದರೆ ಟವೆಲಿಗೆ ಬಿದ್ದುದೆಷ್ಟು, ಖರ್ಚಾದುದೆಷ್ಟು ಎಂಬುದನ್ನು ಆ ಗಡಿಬಿಡಿಯಲ್ಲಿ ಯಾರೂ ಬರೆದಿಡಲಿಲ್ಲ. ತಿಂಗಳೊಂದು ಕಳೆಯುವುದರೊಳಗೆ, ಉಳಿದ ಹಣ ಎಲ್ಲಿ ಹೋಯಿತು ಎಂಬ ಪಿಸುಮಾತು ಅಡುಗೆಮನೆಯಿಂದ ಅಡುಗೆಮನೆಗೆ ಹರಿಯಿತು. ಉಳಿದ ಹಣವನ್ನು ಆ ತಾಯಿಯ ಕೈಗೇ ಕೊಟ್ಟು ಬಂದಿದ್ದೆವು. ಆದರೆ ಬರೆದಿಡದ ಸತ್ಯಕ್ಕೆ ಸಾಕ್ಷಿ ಇರುವುದಿಲ್ಲ. ಮುಂದೆ ಇಂತಹುದೇ ಒಂದು ರಾತ್ರಿ ಬಂದರೆ ಆ ಟವೆಲಿಗೆ ಅಷ್ಟು ಹಣ ಬೀಳುವುದೆಂಬ ಭರವಸೆ ನನಗಂತೂ ಉಳಿಯಲಿಲ್ಲ.

ಆದುದರಿಂದ, ಆಪತ್ತು ಬಂದ ಮೇಲೆ ಟವೆಲು ಒಡ್ಡುವುದನ್ನು ಬಿಟ್ಟು, ಆಪತ್ತಿಗೆ ಮೊದಲೇ ಒಂದು ನಿಧಿಯನ್ನು ಕೂಡಿಡಬೇಕೆಂದು ನಾವು ಕೆಲವರು ನಿಶ್ಚಯಿಸಿದೆವು. ಹಣ ಕೂಡಿಸುವ ಬಗೆ ಯಾವುದು? ನಮ್ಮ ಕೈಗೆ ಬರುವ ವಿದ್ಯೆ ಒಂದೇ, ತಿಂಡಿ ಮಾಡುವುದು. ತಿಂಡಿ ಮಾಡಿ ಮಾರಿ, ಬಂದ ಲಾಭವನ್ನು ನಿಧಿಗೆ ಸೇರಿಸೋಣ ಎಂದುಕೊಂಡೆವು.

ನೂರಿಪ್ಪತ್ತು ರೂಪಾಯಿಯ ಪಾಠ

ಆ ಮೊದಲನೆಯ ಮಾರಾಟದ ಕಥೆಯನ್ನು ಮರೆಮಾಚದೆ ಹೇಳುವುದು ಲೇಸು. ನಾವು 14 ಮಂದಿ, ಎರಡು ರಾತ್ರಿ ನಿದ್ದೆಗೆಟ್ಟು, ಕಾಲು ಕಿಲೋ ತೂಕದ 300 ಡಬ್ಬಿ ಮೈಸೂರು ಪಾಕನ್ನು ಮಾಡಿದೆವು. ಅಂದಿನ ಬೆಲೆಯಲ್ಲಿ ಡಬ್ಬಿಯೊಂದಕ್ಕೆ ತಗಲಿದ ಖರ್ಚು 70 ರೂಪಾಯಿ. ಮಾರಾಟದ ಬೆಲೆ 120 ರೂಪಾಯಿ. ಆದಿತ್ಯವಾರ ಸಂಜೆಯವರೆಗೆ ಮಾರಿಹೋದುದು 176 ಡಬ್ಬಿ. ಖರ್ಚು 21,000 ರೂಪಾಯಿ. ವಸೂಲಿ 21,120 ರೂಪಾಯಿ. ಹದಿನಾಲ್ಕು ಜನರ ಎರಡು ರಾತ್ರಿಯ ಬೆವರಿಗೆ ದೊರೆತ ಉಳಿತಾಯವು 120 ರೂಪಾಯಿ ಮಾತ್ರ! ಉಳಿದ 124 ಡಬ್ಬಿಗಳನ್ನು ನಾವು ನಾವೇ ಹಂಚಿಕೊಂಡೆವು. ಅದಾದ ಮೇಲೆ ಬಹುದಿನಗಳವರೆಗೆ ನಮ್ಮಲ್ಲಿ ಯಾರಿಗೂ ಮೈಸೂರು ಪಾಕಿನ ಹೆಸರೆತ್ತಿದರೆ ಆಗುತ್ತಿರಲಿಲ್ಲ.

ತಪ್ಪು ಎಲ್ಲಾಯಿತು? ಪಾಕದಲ್ಲಿ ಅಲ್ಲ, ತಿಂದವರೆಲ್ಲರೂ ಹೊಗಳಿದರು. ಮುನ್ನೂರು ಎಂಬ ಸಂಖ್ಯೆಯನ್ನು ನಾವು ಊಹೆಯಿಂದ ಹಿಡಿದಿದ್ದೆವು. ತಿಂಗಳ ಕೊನೆಯ ಆದಿತ್ಯವಾರವನ್ನು ಆರಿಸಿಕೊಂಡಿದ್ದೆವು. ಸಂಬಳದವರ ಜೇಬು ಅಂದು ಬರಿದು. ಮಧ್ಯಾಹ್ನದ ಮೇಲೆ ಮಳೆ ಹಿಡಿಯಿತು. ಬೋರ್ಡನ್ನು ಕನ್ನಡದಲ್ಲಿ ಮಾತ್ರ ಬರೆಸಿದ್ದೆವು. ಹಾದುಹೋಗುವ ಮಲಯಾಳಿಗಳಿಗೆ ಇದು ಯಾವುದೋ ಖಾಸಗಿ ಸಮಾರಂಭವೆಂದು ತೋರಿತು. ಇವೆಲ್ಲಕ್ಕೂ ಮೂಲವಾದ ತಪ್ಪು ಒಂದೇ: ಅಡುಗೆ ಬಲ್ಲವನಿಗೆ ಮಾರಾಟವೂ ಬರುತ್ತದೆಂಬ ಗರ್ವ. ಹೋಟೆಲಿನ ಗಲ್ಲಾದ ಮೇಲೆ ವರ್ಷಗಟ್ಟಲೆ ಕುಳಿತಿದ್ದ ಈ ಲೇಖಕನೇ ಆ ಗರ್ವದಲ್ಲಿ ಎಲ್ಲರಿಗಿಂತ ಮುಂದಿದ್ದನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು.

ನಮ್ಮ ಕಣ್ಣೆದುರಿನ ಪಾಲಾರಿವಟ್ಟದ ಮೇಲ್ಸೇತುವೆಯು 2016ರಲ್ಲಿ ತೆರೆಯಿತು, 2019ರಲ್ಲಿ ಮುಚ್ಚಿತು, ಮತ್ತೆ ಕಟ್ಟಿದ ಮೇಲೆ 2021ರಲ್ಲಿ ತೆರೆಯಿತು. ಮೊದಲ ಬಾರಿಗೆ ಸರಿಯಾಗಿ ಮಾಡದ ಕೆಲಸವನ್ನು ಎರಡನೆಯ ಬಾರಿಗೆ ಮಾಡಲೇಬೇಕಾಗುತ್ತದೆ ಎಂಬುದಕ್ಕೆ ಅದನ್ನು ದಿನವೂ ದಾಟುವ ನಮಗೆ ಬೇರೆ ಉದಾಹರಣೆ ಬೇಕಿಲ್ಲ.

ಅಡುಗೆಯ ಹೆಂಗಸೊಬ್ಬಳು ತೋರಿದ ದಾರಿ

ನಮ್ಮಂತೆಯೇ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದ ಒಬ್ಬಾಕೆ ಈ ಕೆಲಸವನ್ನು ಹೇಗೆ ನಡೆಸಿದಳೆಂಬುದನ್ನು ತಿಳಿಯುವುದು ಉಪಯುಕ್ತ. ಅಮೆರಿಕೆಯ ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಪಟ್ಟಣದಲ್ಲಿ, ಬಸ್ಸಿನೊಳಗೆ ಕಪ್ಪು ಜನರು ಬಿಳಿಯರಿಗೆ ಆಸನ ಬಿಟ್ಟುಕೊಡಬೇಕೆಂಬ ನಿಯಮವನ್ನು ಪ್ರತಿಭಟಿಸಿ 1955ರ ಡಿಸೆಂಬರಿನಲ್ಲಿ ಬಸ್ಸು ಬಹಿಷ್ಕಾರವು ಆರಂಭವಾಯಿತು. ಅದು 381 ದಿನಗಳ ಕಾಲ ನಡೆಯಿತು. ಅಷ್ಟು ದಿನ ಜನರು ಕೆಲಸಕ್ಕೆ ಹೋಗಿಬರುವುದಕ್ಕೆ ಕಾರುಗಳ ಏರ್ಪಾಡಾಗಬೇಕಿತ್ತು. ಅವುಗಳಿಗೆ ಪೆಟ್ರೋಲು ಬೇಕಿತ್ತು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆಯು ಕೆಲವು ಹೆಂಗಸರನ್ನು ಕೂಡಿಸಿಕೊಂಡು, ತಮ್ಮತಮ್ಮೊಳಗೆ 14 ಡಾಲರು ಒಟ್ಟುಗೂಡಿಸಿ, ಸಾಮಾನು ಕೊಂಡು, ತಿಂಡಿ ಮಾಡಿ ಸಭೆಯಲ್ಲಿ ಮಾರಿದಳು. ಮುಂದೆ ಆ ಹೆಂಗಸರು ಕೇಕು, ಪೈ ಮುಂತಾದುವನ್ನು ಮನೆಮನೆಗಳಲ್ಲಿ ಮಾಡಿ, ಗೊತ್ತಿದ್ದ ಗಿರಾಕಿಗಳಿಗೆ ಮಾರತೊಡಗಿದರು. ತಮ್ಮ ಗುಂಪಿಗೆ ‘ಎಲ್ಲಿಯದೂ ಅಲ್ಲದ ಕ್ಲಬ್ಬು’ ಎಂಬರ್ಥದ ಹೆಸರನ್ನಿಟ್ಟರು. ಹೆಸರು ಹೊರಬಿದ್ದರೆ ನೌಕರಿ ಹೋಗುವ ಕಾಲವದು. ಹಣ ಎಲ್ಲಿಂದ ಬಂತು ಎಂದು ಕೇಳಿದರೆ ‘ಎಲ್ಲಿಂದಲೂ ಅಲ್ಲ’ ಎಂದು ಸುಳ್ಳಾಡದೆ ಹೇಳಬಹುದಾಗಿತ್ತು. ಗಿಲ್ಮೋರಳ ಸ್ವಂತ ಕೆಲಸವೇ 1956ರಲ್ಲಿ ಹೋಯಿತು. ಆಕೆ ತನ್ನ ಮನೆಯ ಅಡುಗೆಮನೆಯನ್ನೇ ಊಟದ ಮನೆಯಾಗಿ ಮಾಡಿಕೊಂಡಳು.

ನಮ್ಮ ಕೆಲಸಕ್ಕೆ ಇದರಿಂದ ಮೂರು ಸಂಗತಿಗಳು ದೊರೆಯುತ್ತವೆ. ಆ ಹೆಂಗಸರು ತಮಗೆ ಗೊತ್ತಿದ್ದವರಿಗೆ ಮಾರಿದರೇ ಹೊರತು ಬೀದಿಯ ಅದೃಷ್ಟವನ್ನು ನಂಬಲಿಲ್ಲ. ಒಂದೇ ದಿನ ಜಾತ್ರೆ ಮಾಡಿ ಸುಮ್ಮನಾಗದೆ ಮತ್ತೆ ಮತ್ತೆ ಮಾರಿದರು. ಮಾಡಿದವರ ಹೆಸರು ಗುಟ್ಟಾಗಿದ್ದರೂ ಬಂದ ಹಣದ ಮೊತ್ತ ಮಾತ್ರ ಗುಟ್ಟಾಗಿರಲಿಲ್ಲ. ಚರ್ಚಿನಲ್ಲಿ ಸೇರುತ್ತಿದ್ದ ಸಭೆಯಲ್ಲಿ ಎಲ್ಲರೆದುರಿಗೇ ಅದನ್ನು ಒಪ್ಪಿಸುತ್ತಿದ್ದರು.

ಮೊದಲು ಪುಸ್ತಕ, ಅನಂತರ ಬಾಣಲೆ

ಇದೇ ರೀತಿಯನ್ನು ಕೇರಳದ ನಮ್ಮ ನೆರೆಯವರು ಚೆನ್ನಾಗಿ ಬಲ್ಲರು. ‘ಬಿರಿಯಾನಿ ಚಾಲೆಂಜ್’ ಎಂಬುದನ್ನು ಇಲ್ಲಿ ಕಾಣದವರಿಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕೈ, ಚೂರಲ್ಮಲೆಗಳಲ್ಲಿ ಗುಡ್ಡ ಜರಿದು ನೂರಾರು ಮಂದಿ ಮಡಿದಾಗ, ಮನೆ ಕಳೆದುಕೊಂಡವರಿಗೆ ಮನೆ ಕಟ್ಟಿಸುವುದಕ್ಕಾಗಿ ಅನೇಕ ಊರುಗಳಲ್ಲಿ ಈ ಬಗೆಯ ಮಾರಾಟಗಳು ನಡೆದುವು. ಒಂದು ಓಣಿಯ ಯುವಕರು ಮನೆಮನೆಗೆ ಹೋಗಿ, ಎಷ್ಟು ಪೊಟ್ಟಣ ಬೇಕೆಂದು ಮುಂಚಿತವಾಗಿ ಬರೆದುಕೊಳ್ಳುತ್ತಾರೆ. ಕೂಪನ್ನು ಕೊಟ್ಟು ಹಣ ಪಡೆಯುತ್ತಾರೆ. ಆಮೇಲೆ ಅಕ್ಕಿಯನ್ನು ಅಳೆಯುತ್ತಾರೆ. ಗೊತ್ತಾದ ದಿನ ಬೇಯಿಸಿ ಮನೆಬಾಗಿಲಿಗೆ ಮುಟ್ಟಿಸುತ್ತಾರೆ. ಉಳಿಯಿತೆಂಬ ಮಾತೇ ಇಲ್ಲ.

ಊಹೆಯಿಂದ ಮಾಡುವುದಕ್ಕೂ ಆರ್ಡರಿನ ಮೇಲೆ ಮಾಡುವುದಕ್ಕೂ ಎಷ್ಟು ವ್ಯತ್ಯಾಸವೆಂಬುದನ್ನು ಗುಮಾಸ್ತೆ ಮಿತ್ರರು ಕಾಗದದ ಮೇಲೆ ಬರೆದು ನೋಡಬಹುದು. ಇಲ್ಲಿ ಕೊಡುವ ಬೆಲೆಗಳು ಲೆಕ್ಕದ ರೀತಿಯನ್ನು ತೋರಿಸುವುದಕ್ಕಾಗಿ ಮಾತ್ರ. ನಿಮ್ಮ ಅಂಗಡಿಯ ಬೆಲೆಯನ್ನು ನೀವೇ ಹಾಕಿಕೊಳ್ಳಿರಿ. ಒಂದು ಕಿಲೋ ಕಡಲೆಹಿಟ್ಟು 100 ರೂಪಾಯಿ, ಎರಡು ಕಿಲೋ ಸಕ್ಕರೆ 90 ರೂಪಾಯಿ, ಒಂದೂವರೆ ಕಿಲೋ ತುಪ್ಪ 900 ರೂಪಾಯಿ, ಗ್ಯಾಸು 60 ರೂಪಾಯಿ. ಒಟ್ಟು 1,150 ರೂಪಾಯಿ. ಇದರಿಂದ ಸುಮಾರು ನಾಲ್ಕೂಕಾಲು ಕಿಲೋ ಪಾಕು, ಅಂದರೆ ಕಾಲು ಕಿಲೋದ 17 ಡಬ್ಬಿ. ಡಬ್ಬಿಯ ಬೆಲೆ 10 ರೂಪಾಯಿಯನ್ನು ಸೇರಿಸಿದರೆ ಒಂದಕ್ಕೆ ಬೀಳುವ ಖರ್ಚು 78 ರೂಪಾಯಿ. 150 ರೂಪಾಯಿಗೆ ಮಾರಿದರೆ ಉಳಿಯುವುದು 72 ರೂಪಾಯಿ.

ಈಗ 200 ಡಬ್ಬಿ ಮಾಡಿ ಇನ್ನೂರನ್ನೂ ಮಾರಿದೆವೆನ್ನೋಣ. ವಸೂಲಿ 30,000, ಖರ್ಚು 15,600, ನಿಧಿಗೆ 14,400 ರೂಪಾಯಿ. ಅದೇ 200ರಲ್ಲಿ 40 ಡಬ್ಬಿ ಉಳಿದುವೆನ್ನೋಣ. ವಸೂಲಿ 24,000, ಖರ್ಚು ಅದೇ 15,600, ನಿಧಿಗೆ 8,400 ರೂಪಾಯಿ. ಉಳಿದುದು ಮಾಲಿನ ಐದನೆಯ ಒಂದು ಪಾಲು. ಹೋದುದು ಲಾಭದ ಐದರಲ್ಲಿ ಎರಡಕ್ಕೂ ಹೆಚ್ಚು ಪಾಲು. ಮಾರದೆ ಉಳಿದ ಡಬ್ಬಿಯೊಂದು ಮಾರಿಹೋದ ಎರಡು ಡಬ್ಬಿಗಳ ಲಾಭವನ್ನು ನುಂಗುತ್ತದೆ. ಅದೇ ಆರ್ಡರು ಬಂದ 160 ಡಬ್ಬಿಗಳನ್ನೇ ಮಾಡಿದ್ದರೆ ಲಾಭ 11,520 ರೂಪಾಯಿ. ಕಡಿಮೆ ಮಾಡಿ ಹೆಚ್ಚು ಗಳಿಸುವ ಈ ಉಪಾಯಕ್ಕೆ ಒಂದು ನೋಟುಪುಸ್ತಕವೂ ಒಂದು ಪೆನ್ಸಿಲೂ ಸಾಕು.

ಆದುದರಿಂದ ಮಾರಾಟಕ್ಕೆ ಮೂರು ವಾರ ಮೊದಲೇ ಆರ್ಡರು ಪುಸ್ತಕವನ್ನು ತೆರೆಯತಕ್ಕದ್ದು. ಪ್ರತಿಯೊಬ್ಬ ಕಾರ್ಯಕರ್ತನು ತನಗೆ ಗೊತ್ತಿರುವ ಹತ್ತು ಮನೆ ಅಥವಾ ಕಚೇರಿಗಳನ್ನು ವಹಿಸಿಕೊಳ್ಳಲಿ. ಕಾಕ್ಕನಾಡಿನ ಕಂಪೆನಿಗಳಲ್ಲಿ ದುಡಿಯುವ ಗುಮಾಸ್ತೆಯೊಬ್ಬನು ತನ್ನ ವಿಭಾಗದಲ್ಲಿ ಮಾತ್ರವೇ ಇಪ್ಪತ್ತು ಡಬ್ಬಿ ಬರೆಯಿಸಬಲ್ಲನು. ಹೋಟೆಲಿನ ಹುಡುಗನಿಗೆ ದಿನವೂ ಕಾಫಿ ಕುಡಿಯಲು ಬರುವ ಗಿರಾಕಿಗಳ ಪರಿಚಯವುಂಟು. ಹಣವನ್ನು ಮುಂಗಡವಾಗಿ ಪಡೆದು ರಶೀದಿ ಕೊಡಬೇಕು. ಮಾರಾಟಕ್ಕೆ ಮೂರು ದಿನ ಮೊದಲು ಪುಸ್ತಕವನ್ನು ಮುಚ್ಚಿ, ಬಂದ ಆರ್ಡರಿಗೆ ನೂರಕ್ಕೆ ಹತ್ತರಷ್ಟನ್ನು ಮಾತ್ರ ಹೆಚ್ಚಿಗೆ ಮಾಡಬಹುದು. ಇದಕ್ಕಿಂತ ಮಿಕ್ಕಿ ಮಾಡುವವನು ಧೈರ್ಯಶಾಲಿಯಲ್ಲ, ಇತರರ ಹಣದಲ್ಲಿ ಜೂಜಾಡುವವನು.

ಯಾವ ತಿಂಡಿ, ಯಾವ ದಿನ

ಕೇಕಿನ ವಿಷಯದಲ್ಲಿ ಕೇರಳಕ್ಕೆ ನಾವು ಪಾಠ ಹೇಳಬೇಕಾಗಿಲ್ಲ. ತಲಶ್ಶೇರಿಯ ಮಂಬಳ್ಳಿ ಬಾಪು ಎಂಬವರು 1880ರಲ್ಲಿ ಬಿಸ್ಕತ್ತಿನ ಕಾರ್ಖಾನೆಯನ್ನು ತೆರೆದು, 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ತೋಟದ ಮಾಲಿಕನಿಗಾಗಿ ಕ್ರಿಸ್ಮಸ್ ಕೇಕನ್ನು ಮಾಡಿದರೆಂದು ಪ್ರಸಿದ್ಧಿಯುಂಟು. ಅಂದಿನಿಂದ ಬೆಳೆದ ಬೇಕರಿಗಳು ಇಂದು ಕೊಚ್ಚಿಯ ಓಣಿಓಣಿಗಳಲ್ಲಿ ಇವೆ. ಡಿಸೆಂಬರಿನಲ್ಲಿ ಅವರೊಡನೆ ಪ್ಲಮ್ ಕೇಕಿನ ಪೈಪೋಟಿಗಿಳಿಯುವುದೆಂದರೆ ಸಮುದ್ರಕ್ಕೆ ಉಪ್ಪು ಮಾರಲು ಹೋದಂತೆ. ನಮ್ಮಲ್ಲಿದ್ದು ಇಲ್ಲಿ ಅಪರೂಪವಾದುದನ್ನೇ ಮಾರಬೇಕು. ಮೈಸೂರಿನ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ಹೆಸರಿನೊಡನೆ ಬಂದಿರುವ ಮೈಸೂರು ಪಾಕನ್ನು ಮಲಯಾಳಿಗಳೂ ಹೆಸರಿನಿಂದ ಬಲ್ಲರು. ಆದರೆ ತುಪ್ಪದಲ್ಲಿ ಜಾಲರಿಯಾಗಿ ಅರಳಿದ, ಒಳಗೆ ಕೆಂಪಗಾದ ಪಾಕನ್ನು ತಿಂದವರು ಕಡಿಮೆ. ಅದರ ಜತೆಗೆ ಕೊಡುಬಳೆ, ಚಕ್ಕುಲಿ, ಅಯ್ಯಂಗಾರ್ ಬೇಕರಿಯ ಮಾದರಿಯ ಮೊಟ್ಟೆಯಿಲ್ಲದ ಬೆಣ್ಣೆ ಬಿಸ್ಕತ್ತು, ನಾನ್‌ಖಟಾಯಿ, ಇಷ್ಟು ಸಾಕು. ಐದಕ್ಕಿಂತ ಹೆಚ್ಚು ಬಗೆಗಳನ್ನು ಹಿಡಿದರೆ ಸಾಮಾನಿನ ಲೆಕ್ಕವೂ ತಪ್ಪುತ್ತದೆ, ಗಿರಾಕಿಯ ಮನಸ್ಸೂ ನಿಲ್ಲುವುದಿಲ್ಲ.

ಕಾಯಿ ಹೋಳಿಗೆ, ಹಾಲಿನ ಸಿಹಿ, ಕ್ರೀಮು ಹಾಕಿದ ಕೇಕುಗಳನ್ನು ಮನಸ್ಸಿಗೆ ಎಷ್ಟೇ ಪ್ರಿಯವಾದರೂ ಬಿಟ್ಟುಬಿಡಬೇಕು; ಕೊಚ್ಚಿಯ ಸೆಕೆಗೆ ಅವು ಒಂದು ಹಗಲು ತಾಳುವುದು ಕಷ್ಟ. ಮಂಗಳೂರು ಬನ್ಸು, ಗೋಳಿಬಜೆಗಳನ್ನು ಮಾಡುವುದಾದರೆ ಸ್ಥಳದಲ್ಲೇ ಎಣ್ಣೆಗೆ ಬಿಟ್ಟು ಬಿಸಿಯಾಗಿ ಕೊಡಬೇಕು. ಆ ಪರಿಮಳವೇ ಕರಪತ್ರದ ಕೆಲಸವನ್ನು ಮಾಡುತ್ತದೆ.

ದಿನವನ್ನು ಆರಿಸುವಾಗ ಗಿರಾಕಿಯ ಜೇಬಿನೊಡನೆ ನಮ್ಮ ಕೈಗಳ ಬಿಡುವನ್ನೂ ನೋಡಬೇಕು. ನವೆಂಬರ್ ನಡುವಿನಿಂದ ಮಕರಸಂಕ್ರಾಂತಿಯವರೆಗೆ ಶಬರಿಮಲೆಯ ಯಾತ್ರಿಕರಿಂದ ಸಸ್ಯಾಹಾರಿ ಹೋಟೆಲುಗಳು ತುಂಬಿ ತುಳುಕುತ್ತವೆ. ಆಗ ಯಾವ ಮಾಲಿಕನೂ ರಜೆ ಕೊಡಲಾರನು, ಕೇಳುವುದೂ ನ್ಯಾಯವಲ್ಲ. ಜೂನಿನಿಂದ ಮುಂದೆ ಮಳೆ, ಚಕ್ಕುಲಿ ಮೆತ್ತಗಾಗುತ್ತದೆ. ಸಂಕ್ರಾಂತಿ ಕಳೆದು, ಶಾಲೆಯ ಪರೀಕ್ಷೆಗಳಿಗೆ ಮೊದಲು, ಫೆಬ್ರವರಿಯ ಮೊದಲನೆಯ ಶನಿವಾರವು ಎಲ್ಲ ರೀತಿಯಿಂದಲೂ ಒಳ್ಳೆಯದು: ಸಂಬಳ ಕೈಗೆ ಬಂದಿರುತ್ತದೆ, ಗಾಳಿ ಒಣಗಿರುತ್ತದೆ. ತಿರುವನಂತಪುರದ ಮಿತ್ರರು ಇದನ್ನೇ ಮಾಡುವುದಾದರೆ ಆಟ್ಟುಕಾಲು ಪೊಂಗಾಲೆಯ ದಿನವನ್ನು ನೋಡಿಕೊಂಡು ಬೇರೆ ದಿನವನ್ನು ಗೊತ್ತುಮಾಡಲಿ. ಅಂದು ಆ ಪಟ್ಟಣದ ಬೀದಿಗಳೆಲ್ಲವೂ ಒಲೆಗಳೇ.

ಹೋಟೆಲಿನವರಿಗೆ ಬಿಡುವೆಂದರೆ ಮಧ್ಯಾಹ್ನದ ಊಟ ಮುಗಿದು ಸಂಜೆಯ ಕಾಫಿ ಆರಂಭವಾಗುವವರೆಗಿನ ಎರಡು ಗಂಟೆ. ಆದುದರಿಂದ ಕೆಲಸವನ್ನು ಎರಡೆರಡು ಗಂಟೆಯ ಪಾಳಿಗಳಾಗಿ ಹಂಚಬೇಕು. ಒಲೆಯ ಕೆಲಸ ಹೋಟೆಲಿನವರದು. ಪುಸ್ತಕ, ರಶೀದಿ, ಬೋರ್ಡು ಗುಮಾಸ್ತೆಯವರದು. ಸಂಸಾರಸ್ಥರ ಮನೆಗಳ ಹೆಂಗಸರು ಬಂದರೆ ಕೊಡುಬಳೆಯ ಹದವನ್ನು ಅವರ ಕೈಗೇ ಬಿಡುವುದು ಉತ್ತಮ. ನಿದ್ದೆಗೆಟ್ಟು ಮಾಡಿದ ಧರ್ಮಕಾರ್ಯವನ್ನು ಮರುವರ್ಷ ಯಾರೂ ಮಾಡುವುದಿಲ್ಲ.

ಸ್ಥಳದ ವಿಷಯದಲ್ಲಿ ಒಂದು ಭ್ರಮೆ ಉಂಟು. 2017ರಲ್ಲಿ ಕೊಚ್ಚಿ ಮೆಟ್ರೋದ ಮೊದಲ ಹಂತವು ಆಲುವಾದಿಂದ ಪಾಲಾರಿವಟ್ಟದವರೆಗೆ ಓಡತೊಡಗಿದ ಮೇಲೆ ಸ್ಟೇಷನ್ನಿನ ಬುಡದಲ್ಲಿ ಜನಸಂಚಾರ ಬಹಳ. ಅಲ್ಲಿ ಮೇಜು ಹಾಕಿದರೆ ಸಾಕೆಂದು ಹಲವರು ಹೇಳುವುದುಂಟು. ಓಡುವ ಜನ ಕೊಳ್ಳುವುದಿಲ್ಲ. ದಾರಿಗೆ ಅಡ್ಡವಾದರೆ ಪೋಲೀಸರೂ ಒಪ್ಪುವುದಿಲ್ಲ. ಆರ್ಡರು ಕೊಟ್ಟವರು ಬಂದು ಡಬ್ಬಿಯನ್ನು ಒಯ್ಯಲು ಅನುಕೂಲವಾದ, ಸ್ಕೂಟರು ನಿಲ್ಲಿಸಲು ಜಾಗವಿರುವ, ನೆರಳಿರುವ ಒಂದು ಅಂಗಳ ಸಾಕು. ಬೋರ್ಡು ಮಲಯಾಳದಲ್ಲಿಯೂ ಇರಲಿ. ಹಣ ಯಾವ ಕಾರ್ಯಕ್ಕೆ ಎಂಬುದನ್ನು ಒಂದೇ ಸಾಲಿನಲ್ಲಿ ಬರೆದಿರಲಿ. ನೆರೆಯವನು ದಾನಿಯಾಗುವುದು ಅವನ ಭಾಷೆಯಲ್ಲಿ ಕೇಳಿದಾಗ.

ತಿಂದವರ ಆರೋಗ್ಯವು ನಮ್ಮ ಹೊಣೆ

2022ರ ಬೇಸಗೆಯಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ಹಲವರು ಅಸ್ವಸ್ಥರಾಗಿ ಒಬ್ಬ ವಿದ್ಯಾರ್ಥಿನಿಯು ತೀರಿಕೊಂಡಳು. ಆಹಾರವನ್ನು ಕೈಯಲ್ಲಿ ಮುಟ್ಟುವ ನಾವು ಆ ಹೆಸರಿಲ್ಲದ ಹುಡುಗಿಯನ್ನು ಮರೆಯತಕ್ಕದ್ದಲ್ಲ. 2023ರ ಆರಂಭದಲ್ಲಿ ಕೇರಳ ಸರಕಾರವು ಹೋಟೆಲಿನಿಂದ ಹೊರಗೊಯ್ಯುವ ಊಟದ ಪೊಟ್ಟಣಗಳ ಮೇಲೆ, ತಯಾರಿಸಿದ ದಿನ ಮತ್ತು ಸಮಯ, ಎಷ್ಟು ಹೊತ್ತಿನೊಳಗೆ ತಿನ್ನಬೇಕು ಎಂಬುದನ್ನು ನಮೂದಿಸುವ ಚೀಟಿಯನ್ನು ಕಡ್ಡಾಯ ಮಾಡಿತು. ನಮ್ಮ ಡಬ್ಬಿಗಳ ಮೇಲೂ ಅಂತಹ ಚೀಟಿ ಇರಲಿ. ಗೋಧಿ, ಹಾಲು, ಕಡಲೆಕಾಯಿ, ಗೋಡಂಬಿಗಳಲ್ಲಿ ಯಾವುದನ್ನು ಬಳಸಿದೆಯೆಂಬುದನ್ನೂ ಬರೆಯಬೇಕು. ಕೆಲವರ ದೇಹಕ್ಕೆ ಒಂದು ಕಡಲೆಕಾಯಿಯೇ ವಿಷ.

2006ರ ಆಹಾರ ಸುರಕ್ಷತೆಯ ಕಾಯಿದೆಯ ಮೇರೆಗೆ ತಾತ್ಕಾಲಿಕ ಮಳಿಗೆಯವರೂ ನೋಂದಣಿ ಮಾಡಿಸಿಕೊಳ್ಳಬೇಕೆಂದಿದೆ. ಧರ್ಮಾರ್ಥವಾದುದಕ್ಕೆ ಕಾಯಿದೆ ಏಕೆ ಎಂದು ಕೇಳುವವರುಂಟು. ಧರ್ಮಾರ್ಥವಾದ ತಿಂಡಿಯೂ ಹೊಟ್ಟೆಗೇ ಹೋಗುತ್ತದೆ. ಪರವಾನಿಗೆಯುಳ್ಳ ಹೋಟೆಲಿನ ಅಡುಗೆಮನೆಯಲ್ಲಿಯೇ ತಯಾರಿಸಿ, ಮುಂಚಿತವಾಗಿ ಆಹಾರ ಸುರಕ್ಷತಾ ಅಧಿಕಾರಿಯನ್ನು ಕಂಡು ಮಾತಾಡಿಕೊಂಡರೆ ಸಂಶಯಕ್ಕೆ ಎಡೆಯಿರುವುದಿಲ್ಲ. ಒಮ್ಮೆ ಕರಿದ ಎಣ್ಣೆಯನ್ನು ಮರುದಿನಕ್ಕೆ ಇಡಬಾರದು. ಜ್ವರವೋ ಕೈಯಲ್ಲಿ ಹುಣ್ಣೋ ಇರುವವನನ್ನು ಎಷ್ಟೇ ನಿಪುಣನಾದರೂ ಆ ದಿನ ರಶೀದಿ ಬರೆಯಲು ಕೂರಿಸಬೇಕು. 2020ರ ಜನವರಿಯಿಂದ ಈ ರಾಜ್ಯದಲ್ಲಿ ಒಂದೇ ಬಾರಿ ಬಳಸುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ. ಕಾಗದದ ಡಬ್ಬಿ, ಒಳಗೆ ಬಾಳೆಲೆ, ಇದಕ್ಕಿಂತ ಅಂದವಾದುದು ಯಾವುದಿದೆ?

ಮಾರಾಟವಾದ ಮೇಲಿನ ಏಳು ದಿನ

ತಿಂಡಿ ಮಾರಿ ಮುಗಿದ ಸಂಜೆಯೇ ಕೆಲಸ ಮುಗಿಯಿತೆಂದು ತಿಳಿದವರು ಅರ್ಧ ಕೆಲಸವನ್ನೇ ಮಾಡಿದ್ದಾರೆ. ಆ ಟವೆಲಿನ ರಾತ್ರಿಯಲ್ಲಿ ನಾವು ಕಳೆದುಕೊಂಡದ್ದು ಈ ಉಳಿದ ಅರ್ಧದಲ್ಲೇ.

ನಿಧಿಯ ಹೆಸರಿನಲ್ಲಿ ಬ್ಯಾಂಕಿನ ಖಾತೆಯೊಂದಿರಬೇಕು. ಇಬ್ಬರ ರುಜುವಿಲ್ಲದೆ ಅದರಿಂದ ಹಣ ಹೊರಡಬಾರದು. ಈ ಸೀಮೆಯಲ್ಲಿ ಸಂಘವನ್ನು ನೋಂದಾಯಿಸುವುದಕ್ಕೆ 1955ರ ತಿರುವಾಂಕೂರು-ಕೊಚ್ಚಿ ಸಾಹಿತ್ಯ, ವೈಜ್ಞಾನಿಕ ಹಾಗೂ ಧರ್ಮಾರ್ಥ ಸಂಘಗಳ ಕಾಯಿದೆಯುಂಟು. ನಿಧಿ ವರ್ಷವರ್ಷವೂ ನಡೆಯತಕ್ಕದ್ದಾದರೆ ಅದರ ಮೇರೆಗೆ ನೋಂದಾಯಿಸಿಕೊಳ್ಳುವುದೇ ಭದ್ರ. ಮೇಜಿನ ಮೇಲಿಡುವ ಕ್ಯೂಆರ್ ಚೀಟಿಯು ನಿಧಿಯ ಖಾತೆಯದೇ ಆಗಿರಬೇಕು, ಯಾವನೊಬ್ಬ ಕಾರ್ಯಕರ್ತನ ಮೊಬೈಲಿನದಲ್ಲ. ಅವನು ಎಷ್ಟೇ ಪ್ರಾಮಾಣಿಕನಾದರೂ ಅವನ ಸ್ವಂತ ಹಣದೊಡನೆ ಬೆರೆತ ಮೇಲೆ ಅವನೇ ಬಿಡಿಸಿ ಹೇಳಲಾರನು. ನಗದನ್ನು ಇಬ್ಬರು ಕೂಡಿ ಎಣಿಸಿ ರುಜು ಹಾಕಲಿ.

ಮಾಲಿಕರೊಬ್ಬರು ತುಪ್ಪವನ್ನು ದಾನವಾಗಿ ಕೊಟ್ಟರೆ, ಅದನ್ನು ಬೆಲೆ ಕಟ್ಟಿ ಜಮೆಯ ಕಡೆಗೆ ದಾನವೆಂದೂ ಖರ್ಚಿನ ಕಡೆಗೆ ತುಪ್ಪವೆಂದೂ ಬರೆಯಬೇಕು. ಹಾಗೆ ಬರೆಯದಿದ್ದರೆ ಈ ವರ್ಷದ ಲಾಭ ದೊಡ್ಡದಾಗಿ ಕಾಣುತ್ತದೆ. ಮುಂದಿನ ವರ್ಷ ಆ ತುಪ್ಪ ಬಾರದಿದ್ದಾಗ ಕಾರ್ಯಕರ್ತರ ಮೇಲೆ ದೋಷ ಬೀಳುತ್ತದೆ.

ಏಳು ದಿನಗಳೊಳಗೆ ಜಮೆ-ಖರ್ಚಿನ ಒಂದು ಪುಟವನ್ನು ಅಚ್ಚು ಹಾಕಿಸಿ, ನಮ್ಮವರು ದುಡಿಯುವ ಪ್ರತಿಯೊಂದು ಹೋಟೆಲಿನಲ್ಲಿ, ಕೈತೊಳೆಯುವ ತೊಟ್ಟಿಯ ಮೇಲ್ಗಡೆ ಅಂಟಿಸಬೇಕು. ಅಲ್ಲಿಗೆ ಎಲ್ಲರೂ ಬರುತ್ತಾರೆ. ನಷ್ಟವಾಗಿದ್ದರೆ ನಷ್ಟವೆಂದೇ ಬರೆಯಿರಿ. ನಮ್ಮ 120 ರೂಪಾಯಿಯ ಲೆಕ್ಕವನ್ನು ನಾವು ಹಾಗೆಯೇ ಅಂಟಿಸಿದೆವು. ಜನ ನಕ್ಕರು, ಆದರೆ ಉಳಿದ ಹಣ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಹಣ ಯಾವುದಕ್ಕೆ

ಉಡುಪಿಯಲ್ಲಿ 1925ರಲ್ಲಿ ಆರಂಭವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯೆಂಬ ಪದ್ಧತಿಯನ್ನು ತೆರೆಯಿತು. ದಿನಕ್ಕೆ ಎರಡಾಣೆಯನ್ನು ಮನೆಬಾಗಿಲಿನಿಂದ ಕೂಡಿಸಿಕೊಂಡು ಹೋಗುವ ಆ ಪದ್ಧತಿಯಿಂದ, ಸಣ್ಣ ಹಣವೂ ಕ್ರಮ ತಪ್ಪದೆ ಬಂದರೆ ದೊಡ್ಡದಾಗುವುದೆಂಬುದನ್ನು ನಮ್ಮ ಹಿರಿಯರು ಕಲಿತರು. ನಮ್ಮ ನಿಧಿಗೂ ಅದೇ ದಾರಿ.

ಹದಿನಾಲ್ಕು ಸಾವಿರ ರೂಪಾಯಿ ಯಾವ ಮೂಲೆಗೆ ಸಾಲುತ್ತದೆ ಎಂದು ಕೇಳುವವರಿಗೆ ಒಂದು ಲೆಕ್ಕವನ್ನು ಕೊಡುತ್ತೇನೆ. ಪ್ರಧಾನಮಂತ್ರಿ ಸುರಕ್ಷಾ ವಿಮೆಯ ವರ್ಷದ ಕಂತು 2022ರ ಜೂನಿನಿಂದ 20 ರೂಪಾಯಿ. ಅಪಘಾತದಲ್ಲಿ ಮೃತನಾದರೆ ಮನೆಯವರಿಗೆ 2 ಲಕ್ಷ. ಯಾವ ಕಾರಣದಿಂದ ಸತ್ತರೂ 2 ಲಕ್ಷ ಕೊಡುವ ಜೀವನ ಜ್ಯೋತಿ ವಿಮೆಯ ವರ್ಷದ ಪೂರ್ಣ ಕಂತು 436 ರೂಪಾಯಿ. ಅದಕ್ಕೆ 50 ವರ್ಷದೊಳಗೆ ಸೇರಬೇಕು. ಇನ್ನೂರು ಡಬ್ಬಿಗಳ ಲಾಭವಾದ 14,400 ರೂಪಾಯಿ ಮೊದಲನೆಯದರಲ್ಲಿ 720 ಮಂದಿಯ ಕಂತಿಗೆ, ಎರಡನೆಯದರಲ್ಲಿ 33 ಮಂದಿಯ ಕಂತಿಗೆ ಸಮ. ಕಂತು ಅವರವರ ಬ್ಯಾಂಕು ಖಾತೆಯಿಂದಲೇ ಹೋಗಬೇಕು. ಖಾತೆ ತೆರೆಯಿಸುವುದು, ಅರ್ಜಿ ತುಂಬಿಸುವುದು, ಕಂತಿನ ಹಣವನ್ನು ಹಿಂದಕ್ಕೆ ಕೊಡುವುದು ನಿಧಿಯ ಕೆಲಸ. ಕಾವಲಿಯ ಮುಂದೆ ದುಡಿದು ರಾತ್ರಿ ಎದೆನೋವಿನಿಂದ ಹೋದವನಿಗೆ ಅಪಘಾತದ ವಿಮೆ ಸಲ್ಲುವುದಿಲ್ಲ, ಎರಡನೆಯದು ಸಲ್ಲುತ್ತದೆ. ವಿಮೆಯ ಹಣ ಬರುವುದಕ್ಕೆ ಕೆಲವು ವಾರಗಳು ಬೇಕು; ಆಂಬುಲೆನ್ಸು ಬೇಕಾಗುವುದು ಅದೇ ರಾತ್ರಿ. ಆದುದರಿಂದ ನಿಧಿಯ ಒಂದು ಪಾಲನ್ನು ಮುಟ್ಟದೆ ಬ್ಯಾಂಕಿನಲ್ಲಿಟ್ಟಿರಬೇಕು.

ನಮ್ಮ ಎರಡನೆಯ ಮಾರಾಟಕ್ಕೆ ಆರ್ಡರು ಪುಸ್ತಕವನ್ನು ತೆರೆದಿದ್ದೇವೆ. ಅದರ ಮೊದಲ ಪುಟದಲ್ಲಿ ಮೊದಲನೆಯ ಮಾರಾಟದ ಜಮೆ-ಖರ್ಚನ್ನು ಬರೆದಿಟ್ಟಿದ್ದೇವೆ: ಮಾಡಿದುದು 300, ಮಾರಿದುದು 176, ಉಳಿತಾಯ 120 ರೂಪಾಯಿ. ಆರ್ಡರು ಬರೆಯಿಸಲು ಹೋಗುವವನು ಗಿರಾಕಿಗೆ ಮೊದಲು ಆ ಪುಟವನ್ನೇ ತೋರಿಸಬೇಕೆಂದು ನಿಯಮ ಮಾಡಿಕೊಂಡಿದ್ದೇವೆ. ನೋಡಿದವರಲ್ಲಿ ಒಬ್ಬರು, ಇಲ್ಲಿಯವರೇ ಆದ ಒಬ್ಬ ಮಲಯಾಳಿ ಅಧ್ಯಾಪಕರು, ನಕ್ಕು ಆರು ಡಬ್ಬಿಯನ್ನು ಬರೆಯಿಸಿ, ಹಣವನ್ನು ಎಣಿಸಿ ಕೊಟ್ಟು, ರಶೀದಿಯನ್ನು ಕೇಳಿ ಪಡೆದರು. ರಶೀದಿ ಕೇಳುವ ಗಿರಾಕಿಯೇ ಮುಂದಿನ ವರ್ಷವೂ ಬರುವ ಗಿರಾಕಿ. ಒಲೆಯನ್ನು ಇನ್ನೂ ಹೊತ್ತಿಸಿಲ್ಲ.